ಅಡಿಕೆ ಕೈಪಿಡಿಗೆ ಪರಿವಿಡಿ ತಾನಾಗಿ ಮೂಡಬೇಕು, ಬೋರ್ಡೋ ಭಾಗ ಮೂರು ಕಡೆ ಬರಬೇಕು: ದಾರಿ ಹೇಳಿ

ತೋಟದಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳೆಗಾರರ ಬಳಗದಿಂದ ತೋಟದ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅಡಿಕೆಯೇ ಮುಖ್ಯ, ಜೊತೆಗೆ ಕಾಳುಮೆಣಸು ಮತ್ತು ಏಲಕ್ಕಿ. ಬರೆಯುವವರು ಹಲವರಾದ್ದರಿಂದ ಅಧ್ಯಾಯಕ್ಕೊಂದರಂತೆ ಮಾರ್ಕ್‌ಡೌನ್ (ಸರಳ ಪಠ್ಯದಲ್ಲೇ ಚಿಹ್ನೆಗಳಿಂದ ಶೀರ್ಷಿಕೆ ಮುಂತಾದವನ್ನು ಗುರುತಿಸುವ ಬರವಣಿಗೆ) ಕಡತ ಮಾಡಿಕೊಂಡಿದ್ದೇವೆ. ಮೊಬೈಲಿನಲ್ಲಿ ಓದಲು ವೆಬ್ ಪುಟ, ಮುದ್ರಿಸಿ ಹಂಚಲು ಪಿಡಿಎಫ್, ಎರಡೂ ಬೇಕು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಆಮೇಲೆ ಕೊಟ್ಟರೆ ಮೊದಲ ಸಿಂಪರಣೆಗೆ ಅದು ಉಪಯೋಗಕ್ಕೆ ಬಾರದು.

ತೊಂದರೆ ಎರಡು. ಪರಿವಿಡಿಯನ್ನು ಈಗ ಕೈಯಿಂದಲೇ ಬರೆದಿಟ್ಟಿದ್ದೇವೆ. ಯಾರಾದರೂ ಶೀರ್ಷಿಕೆಯನ್ನು ಬದಲಿಸಿದರೆ ಪರಿವಿಡಿಯಲ್ಲಿ ಹಳೆಯದೇ ಉಳಿಯುತ್ತದೆ. ಎರಡನೆಯದು ಇನ್ನೂ ಗಂಭೀರ. ಶೇಕಡ 1ರ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ತಯಾರಿಸುವ ವಿಧಾನ ಅಡಿಕೆಯ ಕೊಳೆ ರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ, ಏಲಕ್ಕಿಯ ಕಾಯಿಕೊಳೆ, ಈ ಮೂರೂ ಅಧ್ಯಾಯಗಳಲ್ಲಿ ಬರುತ್ತದೆ. ಒಂದೇ ಪಠ್ಯವನ್ನು ಮೂರು ಕಡೆ ಅಂಟಿಸಲಾಗಿತ್ತು. ಬೇರೆ ಬೇರೆ ಕೈಗಳು ತಿದ್ದುತ್ತ ಹೋದಂತೆ ಮೂರೂ ಬೇರೆಯಾಗಿವೆ. ಒಂದರಲ್ಲಿ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸುರಿಯಬೇಕು ಎಂದಿದೆ, ಇನ್ನೊಂದರಲ್ಲಿ ಅದು ತಿರುವುಮುರುವು, ಮೂರನೆಯದರಲ್ಲಿ ಕಬ್ಬಿಣದ ಪಾತ್ರೆ ಬಳಸಬಾರದು ಎಂಬ ಸಾಲೇ ಇಲ್ಲ. ಒಂದೇ ಕಡೆ ಬರೆದು ಮೂರು ಕಡೆ ಬರುವಂತೆ ಮಾಡುವ ಉಪಾಯ ಬೇಕು.

ಒಂದು ವಿನಂತಿ: ನಮ್ಮ ಬಳಗದವರು ಇದನ್ನು ಮೊಬೈಲಿನಲ್ಲಿ ಓದುತ್ತಾರೆ. ಇಲ್ಲಿ ಕೋಡ್ ಹಾಕಿದರೆ ಅರ್ಧ ಚಿಹ್ನೆಗಳು ಮಾಯವಾಗುತ್ತವೆ. ಚಿಹ್ನೆಗಳನ್ನು ದಯವಿಟ್ಟು ಮಾತಿನಲ್ಲೇ ವಿವರಿಸಿ.

ಶಂಕರಘಟ್ಟದ ವಿದ್ಯಾರ್ಥಿನಿ

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಮಾರ್ಕ್‌ಡೌನಿಗೆ ಸ್ವಂತದ್ದಾದ ಪರಿವಿಡಿಯೂ ಇಲ್ಲ, ಕಡತ ಸೇರಿಸುವ ವ್ಯವಸ್ಥೆಯೂ ಇಲ್ಲ. ಜಾನ್ ಗ್ರೂಬರ್ 2004ರಲ್ಲಿ ಹೊರತಂದಾಗಲೂ ಇರಲಿಲ್ಲ, ಆಮೇಲೆ ಬಂದ ಕಾಮನ್‌ಮಾರ್ಕ್ ನಿಯಮಾವಳಿಯಲ್ಲೂ ಇಲ್ಲ. "ಮಾರ್ಕ್‌ಡೌನಿನಲ್ಲಿ ಪರಿವಿಡಿ ಹೇಗೆ" ಎಂದು ಹುಡುಕಿದರೆ ಹತ್ತು ಉತ್ತರ ಸಿಗುವುದು ಇದಕ್ಕೇ. ಪ್ರತಿಯೊಂದೂ ಬೇರೊಂದು ಉಪಕರಣದ ಉತ್ತರ.

ದಾಖಲೆಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಪ್ಯಾಂಡಾಕ್ ಎಂಬ ಉಪಕರಣವನ್ನು ನೀವು ಬಳಸುವುದಾದರೆ ಕೆಲಸ ಸುಲಭ. ಅಧ್ಯಾಯಗಳ ಕಡತಗಳನ್ನು ಕ್ರಮವಾಗಿ ಕಮಾಂಡಿಗೆ ಕೊಟ್ಟರೆ ಅದು ಅವನ್ನು ಒಂದರ ಹಿಂದೆ ಒಂದರಂತೆ ಜೋಡಿಸಿಕೊಂಡು ಒಂದೇ ದಾಖಲೆಯೆಂದು ಓದುತ್ತದೆ. ಎರಡು ಅಡ್ಡಗೆರೆ ಹಾಕಿ ಟಿಒಸಿ (ಟೇಬಲ್ ಆಫ್ ಕಂಟೆಂಟ್ಸ್ ಎಂಬುದರ ಚಿಕ್ಕ ರೂಪ) ಎಂದರೆ ಪರಿವಿಡಿ ಬರುತ್ತದೆ. ಮೂಲತಃ ಮೂರು ಹಂತದ ಶೀರ್ಷಿಕೆಗಳವರೆಗೆ ತೋರಿಸುತ್ತದೆ, ಟಿಒಸಿ ಡೆಪ್ತ್ ಎಂಬ ಆಯ್ಕೆಯಿಂದ ಅದನ್ನು ಬದಲಿಸಬಹುದು. ಪೂರ್ಣ ದಾಖಲೆ ಕೊಡುವ ಸ್ಟ್ಯಾಂಡಲೋನ್ ಆಯ್ಕೆಯನ್ನು ಜೊತೆಗೆ ಕೊಡದಿದ್ದರೆ ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟದಲ್ಲಿ, ಪರಿವಿಡಿ ಬರುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ.

ಅಧ್ಯಾಯಗಳಲ್ಲಿ ಅಡಿಟಿಪ್ಪಣಿಗಳಿದ್ದು, ಎಲ್ಲರೂ 1, 2 ಎಂದೇ ಗುರುತು ಹಾಕಿದ್ದರೆ ಜೋಡಿಸಿದಾಗ ಅವು ಒಂದಕ್ಕೊಂದು ತಾಗುತ್ತವೆ. ಫೈಲ್ ಸ್ಕೋಪ್ ಎಂಬ ಆಯ್ಕೆ ಕೊಟ್ಟರೆ ಪ್ರತಿ ಕಡತವನ್ನೂ ಮೊದಲು ಬಿಡಿಯಾಗಿ ಓದಿ ಆಮೇಲೆ ಜೋಡಿಸುತ್ತದೆ.

ಅಧ್ಯಾಯದ ನಡುವೆ ಇನ್ನೊಂದು ಕಡತವನ್ನು ತರಲು ಮಾತ್ರ ಪ್ಯಾಂಡಾಕ್‌ನ ಮಾರ್ಕ್‌ಡೌನಿನಲ್ಲಿ ನೇರ ದಾರಿಯಿಲ್ಲ, ಲುವಾ ಫಿಲ್ಟರ್ ಎಂಬ ಪುಟ್ಟ ಪ್ರೋಗ್ರಾಂ ಬೇಕು. ಬೋರ್ಡೋ ಭಾಗ ಅಧ್ಯಾಯದ ಕೊನೆಯಲ್ಲೇ ಬರುವುದಾದರೆ ಆ ಕಡತವನ್ನೇ ಕಮಾಂಡಿನಲ್ಲಿ ಮೂರು ಸಲ ಕೊಟ್ಟುಬಿಡಬಹುದು. ಒರಟು ಉಪಾಯ, ಆದರೆ ನಡೆಯುತ್ತದೆ.

ಭದ್ರಾವತಿ ಲೇಥ್

ಮೇಡಂ ಹೇಳಿದ್ದು ಸರಿ. ಆದರೆ ನಿಮ್ಮ ಎರಡನೆಯ ತೊಂದರೆಗೆ ಹೇಳಿ ಮಾಡಿಸಿದ್ದು ಆಸ್ಕಿಡಾಕ್. ನಾನು ಯಂತ್ರಗಳ ಬಳಕೆ ಕೈಪಿಡಿಗಳನ್ನು ಬರೆಯುವವನು. ಸುರಕ್ಷತೆಯ ಎಚ್ಚರಿಕೆಗಳು ಎಲ್ಲ ಕೈಪಿಡಿಗಳಲ್ಲೂ ಒಂದೇ ಆಗಿರಬೇಕಾದ ಕೆಲಸ ಅದು.

ಸ್ಟುವರ್ಟ್ ರ‍್ಯಾಕಮ್ 2002ರಲ್ಲಿ ಆರಂಭಿಸಿದ ಗುರುತುಭಾಷೆ ಇದು. ಈಗ ಬಳಕೆಯಲ್ಲಿರುವುದು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಆಸ್ಕಿಡಾಕ್ಟರ್ ಎಂಬ ಉಪಕರಣ. ಪರಿವಿಡಿಗೆ ಒಂದು ಸಾಲು ಸಾಕು: ಪುಸ್ತಕದ ಶೀರ್ಷಿಕೆಯ ಕೆಳಗೆ ಕೋಲನ್, ಟಿಒಸಿ, ಮತ್ತೆ ಕೋಲನ್. ಆದರೆ ಆ ಸಾಲು ದಾಖಲೆಯ ತಲೆಭಾಗದಲ್ಲೇ ಇರಬೇಕು. ಶೀರ್ಷಿಕೆಗೂ ಅದಕ್ಕೂ ನಡುವೆ ಒಂದು ಖಾಲಿ ಸಾಲು ಬಿಟ್ಟರೂ ತಲೆಭಾಗ ಅಲ್ಲಿಗೇ ಮುಗಿಯಿತೆಂದು ಉಪಕರಣ ತಿಳಿಯುತ್ತದೆ, ಪರಿವಿಡಿ ಬರುವುದಿಲ್ಲ. ಮುನ್ನುಡಿಯ ನಂತರವೋ ನಡುವೆ ಎಲ್ಲಿಯೋ ಬೇಕೆಂದರೆ ಆ ಸಾಲಿಗೆ ಮ್ಯಾಕ್ರೋ ಎಂಬ ಮೌಲ್ಯ ಕೊಟ್ಟು, ಬೇಕಾದ ಜಾಗದಲ್ಲಿ ಟಿಒಸಿ, ಎರಡು ಕೋಲನ್, ಖಾಲಿ ಚೌಕ ಆವರಣ ಬರೆಯಿರಿ. ಏನೂ ಹೇಳದಿದ್ದರೆ ಎರಡು ಹಂತದ ಶೀರ್ಷಿಕೆಗಳು ಬರುತ್ತವೆ. ಹಂತ ಬದಲಿಸಲು ಟಿಒಸಿಲೆವೆಲ್ಸ್.

ಕಡತ ಸೇರಿಸುವುದು ಹೀಗೆ: ಸಾಲಿನ ಮೊದಲಿಗೇ ಇನ್‌ಕ್ಲೂಡ್ ಎಂಬ ಪದ, ಅದಕ್ಕೆ ತಾಗಿ ಎರಡು ಕೋಲನ್, ಕಡತದ ಹೆಸರು, ಕೊನೆಗೆ ಚೌಕ ಆವರಣ. ಮುಖ್ಯ ಕಡತವೊಂದನ್ನು ಮಾಡಿ ಅದರಲ್ಲಿ ಇಂಥ ಸಾಲುಗಳನ್ನಷ್ಟೇ ಇಡಿ. ಅಧ್ಯಾಯಗಳ ಅನುಕ್ರಮವನ್ನು ಬದಲಿಸುವುದೆಂದರೆ ಎರಡು ಸಾಲುಗಳನ್ನು ಅದಲುಬದಲು ಮಾಡುವುದು, ಅಷ್ಟೇ.

ಮೂರು ಎಚ್ಚರಿಕೆಗಳು. ಇನ್‌ಕ್ಲೂಡ್ ಸಾಲುಗಳ ನಡುವೆ ಖಾಲಿ ಸಾಲು ಬಿಡಿ. ಇಲ್ಲವಾದರೆ ಹಿಂದಿನ ಅಧ್ಯಾಯದ ಕೊನೆಯ ಪ್ಯಾರಾಕ್ಕೆ ಮುಂದಿನ ಅಧ್ಯಾಯದ ಶೀರ್ಷಿಕೆ ಅಂಟಿಕೊಂಡು, ಶೀರ್ಷಿಕೆಯಾಗದೆ ಸಾಮಾನ್ಯ ವಾಕ್ಯವಾಗಿಬಿಡುತ್ತದೆ, ಪರಿವಿಡಿಯಿಂದಲೂ ಬಿಟ್ಟುಹೋಗುತ್ತದೆ. ಎರಡನೆಯದಾಗಿ, ಪ್ರತಿ ಅಧ್ಯಾಯವೂ ಒಂದು ಸಮಚಿಹ್ನೆಯ ದೊಡ್ಡ ಶೀರ್ಷಿಕೆಯಿಂದಲೇ ಆರಂಭವಾಗಲಿ, ಆಗ ಅದನ್ನು ಬಿಡಿಯಾಗಿಯೂ ತೆರೆದು ನೋಡಬಹುದು. ಸೇರಿಸುವಾಗ ಚೌಕ ಆವರಣದೊಳಗೆ ಲೆವೆಲ್‌ಆಫ್‌ಸೆಟ್ ಸಮ ಪ್ಲಸ್ 1 ಎಂದು ಬರೆದರೆ ಆ ಕಡತದ ಎಲ್ಲ ಶೀರ್ಷಿಕೆಗಳೂ ಒಂದು ಹಂತ ಕೆಳಗಿಳಿಯುತ್ತವೆ. ಮೂರನೆಯದು, ಒಂದು ಕಡತದ ಭಾಗವಷ್ಟೇ ಬೇಕಾದರೆ ಸಾಲಿನ ಸಂಖ್ಯೆ ಕೊಡಬಹುದು, ಆದರೆ ಕೊಡಬೇಡಿ. ಮೇಲೆ ಯಾರಾದರೂ ಒಂದು ಸಾಲು ಸೇರಿಸಿದರೆ ಎಲ್ಲ ಜಾರುತ್ತದೆ. ಟಿಪ್ಪಣಿ ಸಾಲಿನಲ್ಲಿ ಟ್ಯಾಗ್ ಮತ್ತು ಎಂಡ್ ಎಂದು ಭಾಗಕ್ಕೆ ಹೆಸರಿಟ್ಟು, ಆ ಹೆಸರಿನಿಂದ ಕರೆಯಿರಿ.

ತೋಟದಮನೆ, ಸಾಗರ

ಲೇಥ್ ಅವರೇ, ಬಹಳ ಉಪಕಾರವಾಯಿತು. ಎರಡು ಅಧ್ಯಾಯಗಳನ್ನು ಹೀಗೆ ಜೋಡಿಸಿದೆ. ಹಳೆಯ ಹ್ಯಾಶ್ ಗುರುತಿನ ಶೀರ್ಷಿಕೆಗಳನ್ನೂ ಅದು ಒಪ್ಪಿಕೊಂಡಿತು, ಅದರಿಂದ ಅರ್ಧ ಕೆಲಸ ಉಳಿಯಿತು. ಪರಿವಿಡಿಯೂ ಬಂತು. ಆದರೆ ಅದರ ತಲೆಬರಹ ಇಂಗ್ಲಿಷಿನಲ್ಲಿದೆ. ಇನ್ನೊಂದು, ಕೊಳೆ ಅಧ್ಯಾಯವನ್ನು ಬಿಡಿಯಾಗಿ ತೆರೆದರೆ ಚಿತ್ರಗಳು ಕಾಣುತ್ತವೆ, ಮುಖ್ಯ ಕಡತದ ಮೂಲಕ ತೆರೆದರೆ ಕಾಣುವುದಿಲ್ಲ.

ಭದ್ರಾವತಿ ಲೇಥ್

ತಲೆಬರಹಕ್ಕೆ ಟಿಒಸಿ ಹೈಫನ್ ಟೈಟಲ್ ಎಂಬ ಆಟ್ರಿಬ್ಯೂಟಿಗೆ (ತಲೆಭಾಗದಲ್ಲಿ ಕೋಲನ್‌ಗಳ ನಡುವೆ ಬರೆಯುವ ಹೆಸರಿಗೆ) "ಪರಿವಿಡಿ" ಎಂದು ಮೌಲ್ಯ ಕೊಡಿ.

ಚಿತ್ರದ ವಿಷಯ ಸ್ವಲ್ಪ ವಿಚಿತ್ರ. ಸೇರಿಸಿದ ಕಡತದೊಳಗೆ ಇನ್ನೊಂದು ಇನ್‌ಕ್ಲೂಡ್ ಇದ್ದರೆ ಅದರ ದಾರಿಯನ್ನು ಆ ಕಡತ ಇರುವ ಜಾಗದಿಂದ ಲೆಕ್ಕ ಹಾಕಲಾಗುತ್ತದೆ. ಚಿತ್ರಗಳ ಲೆಕ್ಕ ಹಾಗಲ್ಲ. ಇನ್‌ಕ್ಲೂಡ್ ಎಂಬುದು ಪಠ್ಯವನ್ನು ಓದುವ ಮೊದಲೇ ಮುಗಿಯುವ ಕೆಲಸ. ಸೇರಿಸಿದ ಮೇಲೆ ಆ ಪಠ್ಯ ಯಾವ ಕಡತದಿಂದ ಬಂತೆಂಬುದು ಚಿತ್ರಕ್ಕೆ ಮುಖ್ಯವಲ್ಲ, ಮುಖ್ಯ ದಾಖಲೆಯಿಂದಲೇ ಅದರ ದಾರಿ ಆರಂಭ. ಆದ್ದರಿಂದ ಎಲ್ಲ ಚಿತ್ರಗಳನ್ನೂ ಒಂದೇ ಕೋಶದಲ್ಲಿಟ್ಟು ಇಮೇಜಸ್‌ಡಿರ್ ಎಂಬ ಆಟ್ರಿಬ್ಯೂಟಿನಲ್ಲಿ ಆ ಕೋಶವನ್ನು ಹೆಸರಿಸಿ. ಅಧ್ಯಾಯಗಳಲ್ಲಿ ಚಿತ್ರದ ಹೆಸರು ಮಾತ್ರ ಇರಲಿ.

ಸೊರಬದ ಮೇಷ್ಟರು

ಎಲ್ಲವನ್ನೂ ಓದಿದೆ. ಇಷ್ಟೆಲ್ಲ ಏಕೆ ಎಂದು ಕೇಳಬಹುದೇ? ಲಿಬ್ರೆ ಆಫೀಸಿನಲ್ಲಿ ಪರಿವಿಡಿ ಮೌಸಿನ ಒಂದು ಒತ್ತಿನಿಂದ ಬರುತ್ತದೆ. ಬೇರೆ ಬೇರೆ ಅಧ್ಯಾಯಗಳನ್ನು ಜೋಡಿಸಲು ಮಾಸ್ಟರ್ ಡಾಕ್ಯುಮೆಂಟ್ ಎಂಬ ಸೌಲಭ್ಯವೂ ಇದೆ. ಶಾಲೆಯ ವಾರ್ಷಿಕ ಸಂಚಿಕೆಯನ್ನು ನಾವು ಹಾಗೆಯೇ ತರುತ್ತಿದ್ದೇವೆ. ತೋಟದ ಕೆಲಸ ಮಾಡುವವರಿಗೆ ಕೋಲನ್, ಚೌಕ ಆವರಣಗಳನ್ನು ಕಲಿಸಲು ಹೊರಟಿದ್ದೀರಿ.

ಇರಲಿ, ನನ್ನ ಮುಖ್ಯ ಆಕ್ಷೇಪ ಬೇರೆ. ಒಂದೇ ಪಠ್ಯ ಮೂರು ಕಡೆ ಬರುವುದಾದರೆ ಅದು ಮೂರು ಕಡೆಯೂ ಸಲ್ಲುವಂತೆ ಬರೆದದ್ದಾಗಿರಬೇಕಲ್ಲವೇ? ತೋಟದಮನೆಯವರು ಮೊದಲೇ ಹಂಚಿಕೊಂಡಿದ್ದ ಕರಡಿನಲ್ಲಿ "ಮೇಲೆ ಹೇಳಿದಂತೆ ಕೊನೆಗಳಿಗೆ ಸಿಂಪಡಿಸಿ" ಎಂದಿದೆ. ಕೊನೆ ಎಂದರೆ ಅಡಿಕೆಯ ಗೊನೆ, ಮೆಣಸಿನ ಬಳ್ಳಿಗೆ ಅದು ಎಲ್ಲಿಂದ ಬರಬೇಕು? ಮೇಲೆ ಹೇಳಿದ್ದಾದರೂ ಯಾವ ಮೇಲೆ?

ಶಂಕರಘಟ್ಟದ ವಿದ್ಯಾರ್ಥಿನಿ

ಮೇಷ್ಟರೇ, ಒಬ್ಬರೇ ಕುಳಿತು ಬರೆಯುವುದಾದರೆ ನಿಮ್ಮ ದಾರಿಯೇ ಚೆನ್ನ. ಹಲವರು ತಿದ್ದುವಾಗ ಯಾರು ಯಾವ ಸಾಲು ಬದಲಿಸಿದರು ಎಂದು ನೋಡಲು ಸರಳ ಪಠ್ಯದ ಕಡತಕ್ಕೆ ಸಾಟಿಯಿಲ್ಲ. ಅದೇ ಮೂಲದಿಂದ ಮೊಬೈಲ್ ಪುಟವೂ ಬರಬೇಕು ಎಂಬುದು ಅವರ ಬೇಡಿಕೆ. ಕೋಲನ್‌ಗಳನ್ನು ಒಬ್ಬರು ಕಲಿತರೆ ಸಾಕು, ಉಳಿದವರು ಬರೀ ಪ್ಯಾರಾ ಬರೆಯುತ್ತಾರೆ.

ನಿಮ್ಮ ಎರಡನೆಯ ಮಾತಿಗೆ ಮಾತ್ರ ಪೂರ್ಣ ಒಪ್ಪಿಗೆ. ಹಂಚಿಕೊಳ್ಳುವ ಭಾಗದಲ್ಲಿ "ಮೇಲೆ", "ಹಿಂದಿನ ಅಧ್ಯಾಯದಲ್ಲಿ", "ಈಗಾಗಲೇ" ಇವು ಯಾವುದೂ ಇರಕೂಡದು.

ಭದ್ರಾವತಿ ಲೇಥ್

ಬೆಳೆಯ ಹೆಸರು ಬದಲಾಗಬೇಕೆಂದರೆ ಅದಕ್ಕೂ ದಾರಿಯಿದೆ. ಇನ್‌ಕ್ಲೂಡಿಗೆ ಮೊದಲು ಬೆಳೆ ಎಂಬರ್ಥದ ಒಂದು ಆಟ್ರಿಬ್ಯೂಟಿಗೆ "ಅಡಿಕೆ" ಎಂದು ಮೌಲ್ಯ ಕೊಟ್ಟು, ಹಂಚಿಕೆಯ ಕಡತದೊಳಗೆ ಆ ಆಟ್ರಿಬ್ಯೂಟಿನ ಹೆಸರನ್ನು ಪುಷ್ಪಾವರಣದಲ್ಲಿ ಬರೆದರೆ ಆಯಿತು. ಮೆಣಸಿನ ಅಧ್ಯಾಯದಲ್ಲಿ "ಕಾಳುಮೆಣಸು" ಎಂದು ಕೊಡಿ, ಅಲ್ಲಿ ಅದೇ ಮೂಡುತ್ತದೆ.

ಹಳೇ ಪ್ರೂಫ್‌ರೀಡರ್, ಶಿವಮೊಗ್ಗ

ಮೂಡುತ್ತದೆ, ಆದರೆ ವಿಭಕ್ತಿ ಕೈಕೊಡುತ್ತದೆ. ಪುಷ್ಪಾವರಣದ ಮುಂದೆ "ಗೆ" ಎಂದು ಅಂಟಿಸಿದರೆ ಅಡಿಕೆಗೆ ಸರಿ, ಏಲಕ್ಕಿಗೆ ಸರಿ. ಮೂರನೆಯದು "ಕಾಳುಮೆಣಸುಗೆ" ಎಂದಾಗುತ್ತದೆ. ಇಂಗ್ಲಿಷಿಗಾಗಿ ಹುಟ್ಟಿದ ಉಪಾಯಗಳು ಕನ್ನಡಕ್ಕೆ ಬಂದಾಗ ಎಡವುವುದು ಇಂಥ ಕಡೆ. ಪ್ರತ್ಯಯವನ್ನು ಬದಲಾಗದ ಪದಕ್ಕೆ ವರ್ಗಾಯಿಸಿ: ಪುಷ್ಪಾವರಣ, ಒಂದು ಜಾಗ, "ಬೆಳೆಗೆ". "ಕಾಳುಮೆಣಸು ಬೆಳೆಗೆ" ಎಂಬುದು ಓದಲು ತಕ್ಕಮಟ್ಟಿಗಿದೆ. ನನ್ನನ್ನು ಕೇಳಿದರೆ ಬೆಳೆಯ ಹೆಸರೇ ಬೇಡ. 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನು 50 ಲೀಟರಿನಲ್ಲಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತ ಸುರಿಯುವುದು. ಇದರಲ್ಲಿ ಅಡಿಕೆಯೂ ಇಲ್ಲ, ಮೆಣಸೂ ಇಲ್ಲ. ಸಿಂಪಡಿಸುವ ಕ್ರಮ ಆಯಾ ಅಧ್ಯಾಯದ್ದು. ಹಂಚಿಕೆಯ ಕಡತ ಡ್ರಮ್ಮಿನಲ್ಲಿ ದ್ರಾವಣ ಸಿದ್ಧವಾಗುವಲ್ಲಿಗೆ ಮುಗಿಯಲಿ.

ಕೊಪ್ಪದ ಕಾಫಿ

ತಡವಾಗಿ ಬಂದೆ. ಕೊಪ್ಪ ನಿಮ್ಮ ಜಿಲ್ಲೆಯದಲ್ಲ, ಆದರೆ ಮಳೆ ಒಂದೇ. ಪರಿವಿಡಿಯ ಕೊಂಡಿಗಳ ಬಗ್ಗೆ ಇಲ್ಲಿ ಯಾರೂ ಮಾತನಾಡಿಲ್ಲ, ಕನ್ನಡ ದಾಖಲೆಗಳಲ್ಲಿ ನಿಜವಾದ ತಲೆನೋವು ಅಲ್ಲಿರುವುದು.

ಪರಿವಿಡಿಯ ಪ್ರತಿ ಸಾಲೂ ಒಂದು ಶೀರ್ಷಿಕೆಗೆ ಕೊಂಡಿ. ಆ ಕೊಂಡಿ ಕೆಲಸ ಮಾಡಲು ಶೀರ್ಷಿಕೆಗೆ ಒಂದು ಐಡಿ, ಅಂದರೆ ಗುರುತಿನ ಹೆಸರು, ಬೇಕು. ಉಪಕರಣಗಳು ಶೀರ್ಷಿಕೆಯ ಪಠ್ಯದಿಂದಲೇ ಆ ಐಡಿಯನ್ನು ಹುಟ್ಟಿಸುತ್ತವೆ. ನಮ್ಮ ಸಂಘದ ತಾಣ ಮಾರ್ಕ್‌ಡೌನ್ ಕಡತಗಳಿಂದ ತಾಣ ಕಟ್ಟುವ ಎಂಕೆಡಾಕ್ಸ್‌ನಲ್ಲಿದೆ. ಅದರ ಒಳಗಿರುವುದು ಪೈಥಾನ್ ಮಾರ್ಕ್‌ಡೌನ್, ಅಲ್ಲಿ ಚೌಕ ಆವರಣದಲ್ಲಿ ದೊಡ್ಡಕ್ಷರದ ಟಿಒಸಿ ಬರೆದರೆ ಆ ಜಾಗದಲ್ಲಿ ಪರಿವಿಡಿ ಬರುತ್ತದೆ. ಮೂಲ ವ್ಯವಸ್ಥೆಯಲ್ಲಿ ಅದು ಇಂಗ್ಲಿಷ್ ಅಕ್ಷರಗಳಲ್ಲದ ಎಲ್ಲವನ್ನೂ ಐಡಿಯಿಂದ ಕಿತ್ತೆಸೆಯುತ್ತದೆ. ಕನ್ನಡ ಶೀರ್ಷಿಕೆಯಲ್ಲಿ ಉಳಿಯುವುದು ಸೊನ್ನೆ. ಆಗ ಅಡಿಗೆರೆ 1, ಅಡಿಗೆರೆ 2 ಎಂದು ಸುಮ್ಮನೆ ಸಂಖ್ಯೆ ಹಾಕುತ್ತ ಹೋಗುತ್ತದೆ.

ಪರಿವಿಡಿಯೇನೋ ಕೆಲಸ ಮಾಡುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ನೀವು ಕೊಳೆ ರೋಗದ ಭಾಗದ ಕೊಂಡಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿರುತ್ತೀರಿ, ಅದು ಅಡಿಗೆರೆ 7 ಆಗಿರುತ್ತದೆ. ಮುಂದಿನ ತಿಂಗಳು ಯಾರೋ ಮೇಲ್ಗಡೆ ಎಲೆಚುಕ್ಕೆ ರೋಗದ ಬಗ್ಗೆ ಹೊಸ ಶೀರ್ಷಿಕೆ ಸೇರಿಸುತ್ತಾರೆ. ಹಳೆಯ ಕೊಂಡಿ ಒತ್ತಿದವರು ಬೇರೆ ರೋಗದ ಔಷಧಿಗೆ ಹೋಗಿ ನಿಲ್ಲುತ್ತಾರೆ.

ಯೂನಿಕೋಡ್ ಅಕ್ಷರಗಳನ್ನು ಉಳಿಸಿಕೊಳ್ಳುವ ಇನ್ನೊಂದು ಆಯ್ಕೆ ಅದರಲ್ಲೇ ಇದೆ. ಹಾಕಿ ನೋಡಿದರೆ ತಮಾಷೆ. ಪೈಥಾನಿನ ಪಠ್ಯ ಹುಡುಕಾಟದ ನಿಯಮದಲ್ಲಿ ಗುಣಿತಾಕ್ಷರದ ಸ್ವರಚಿಹ್ನೆಗಳು ಅಕ್ಷರಗಳಲ್ಲ. ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆಯೂ ಅಲ್ಲ. ಎಲ್ಲವನ್ನೂ ಸೋಸಿ ಹಾಕುತ್ತದೆ. "ಅಡಿಕೆ" ಹೋಗಿ "ಅಡಕ" ಆಗುತ್ತದೆ. "ಕೊಳೆ" ಎಂಬ ಶೀರ್ಷಿಕೆಯೂ "ಕಳೆ" ಎಂಬ ಶೀರ್ಷಿಕೆಯೂ "ಕಳ" ಎಂಬ ಒಂದೇ ಐಡಿಗೆ ಬಂದು ನಿಲ್ಲುತ್ತವೆ, ಎರಡನೆಯದಕ್ಕೆ ಬಾಲದಲ್ಲಿ 1 ಸೇರುತ್ತದೆ. ತೋಟದ ಕೈಪಿಡಿಯಲ್ಲಿ ಈ ಎರಡೂ ಶೀರ್ಷಿಕೆಗಳು ಇಲ್ಲದಿರುವುದು ಸಾಧ್ಯವೇ?

ಪರಿಹಾರ ಒಂದೇ. ಐಡಿಗಳನ್ನು ಕೈಯಿಂದ ಕೊಡಿ. ಪೈಥಾನ್ ಮಾರ್ಕ್‌ಡೌನಿನಲ್ಲಿ ಆಟ್ರ್ ಲಿಸ್ಟ್ ಎಂಬ ವಿಸ್ತರಣೆಯನ್ನು ತೆರೆದು, ಶೀರ್ಷಿಕೆಯ ಕೊನೆಗೆ ಪುಷ್ಪಾವರಣದಲ್ಲಿ ಹ್ಯಾಶ್ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕ ಹೆಸರು. ಪ್ಯಾಂಡಾಕ್ ಕೂಡ ಇದೇ ಬರವಣಿಗೆಯನ್ನು ಒಪ್ಪುತ್ತದೆ.

ಭದ್ರಾವತಿ ಲೇಥ್

ಕೊಳೆ ಮತ್ತು ಕಳೆ ಒಂದಾದದ್ದು ಚೆನ್ನಾಗಿದೆ! ಆಸ್ಕಿಡಾಕ್ಟರ್ ರೂಬಿಯಲ್ಲಿರುವುದರಿಂದ ಸ್ವರಚಿಹ್ನೆಗಳನ್ನೂ ಪದದ ಭಾಗವೆಂದೇ ಗಣಿಸುತ್ತದೆ, ಕನ್ನಡ ಐಡಿಗಳು ಮುಕ್ಕಾಗುವುದಿಲ್ಲ. ಆದರೂ ಕೈಯಿಂದ ಕೊಡುವುದೇ ಲೇಸು ಎಂಬ ಮಾತಿಗೆ ನನ್ನದೂ ಮತ. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್ 8ರಲ್ಲಿ 3 ಬೈಟ್, ವೆಬ್ ವಿಳಾಸದಲ್ಲಿ ಪ್ರತಿ ಬೈಟಿಗೂ ಶೇಕಡ ಚಿಹ್ನೆ ಸೇರಿ 3 ಅಕ್ಷರ. "ಅಡಿಕೆ" ಎಂಬಷ್ಟಕ್ಕೇ 45 ಅಕ್ಷರಗಳ ಬಾಲ. ವಾಟ್ಸ್‌ಆ್ಯಪ್‌ನಲ್ಲಿ ಅದು ಬಂದರೆ ನಮ್ಮ ಕಡೆಯವರು ಮೋಸದ ಕೊಂಡಿಯೆಂದು ಅಳಿಸಿಹಾಕುತ್ತಾರೆ.

ಹಾಗೆಂದು ಹಂಚಿಕೆಯ ಕಡತದೊಳಗೆ ಐಡಿ ಬರೆಯಬೇಡಿ. ಮೂರು ಸಲ ಸೇರಿಸಿದಾಗ ಒಂದೇ ಐಡಿ ಮೂರು ಸಲ ಬಂದು ಆಸ್ಕಿಡಾಕ್ಟರ್ ಎಚ್ಚರಿಕೆ ಕೊಡುತ್ತದೆ. ಶೀರ್ಷಿಕೆಯನ್ನೇ ಆ ಕಡತದಿಂದ ಹೊರಗಿಡಿ. ಪ್ರತಿ ಅಧ್ಯಾಯದಲ್ಲೂ ಶೀರ್ಷಿಕೆಯನ್ನು ಅಲ್ಲಿಯದೇ ಐಡಿಯೊಂದಿಗೆ ಬರೆದು, ಅದರ ಕೆಳಗೆ ಇನ್‌ಕ್ಲೂಡ್ ಸಾಲು ಹಾಕಿ. ಆಗ ಲೆವೆಲ್‌ಆಫ್‌ಸೆಟ್ ಲೆಕ್ಕವೂ ಬೇಕಾಗುವುದಿಲ್ಲ.

ಹೊಸನಗರ ಹಿನ್ನೀರು

ಒಂದು ಸಣ್ಣ ಅನುಮಾನ. ನಾನು ಇದನ್ನೇ ಮಾಡಿ ಕಡತಗಳನ್ನು ಹಂಚಿಕೊಳ್ಳುವ ಗಿಟ್‌ಹಬ್ ತಾಣಕ್ಕೆ ಏರಿಸಿದೆ. ಅಲ್ಲಿ ಮುಖ್ಯ ಕಡತ ತೆರೆದರೆ ಅಧ್ಯಾಯಗಳ ಪಠ್ಯವಿಲ್ಲ, ಬರೀ ಕೊಂಡಿಗಳಿವೆ. ನನ್ನ ಕಂಪ್ಯೂಟರಿನಲ್ಲಿ ಸರಿಯಿದೆ.

ಶಂಕರಘಟ್ಟದ ವಿದ್ಯಾರ್ಥಿನಿ

ಅದು ಬೇಕೆಂದೇ ಹಾಗಿದೆ. ಅಪರಿಚಿತರ ದಾಖಲೆಯಲ್ಲಿ "ಈ ಕಡತವನ್ನು ಸೇರಿಸು" ಎಂದಿದ್ದರೆ, ಆ ಕಡತ ಸರ್ವರಿನ ಒಳಗಿನ ಗುಟ್ಟಿನ ಕಡತವೂ ಆಗಿರಬಹುದು. ಅದಕ್ಕೇ ಆಸ್ಕಿಡಾಕ್ಟರಿನ ಸೆಕ್ಯೂರ್ ಎಂಬ ಸುರಕ್ಷಾ ಹಂತದಲ್ಲಿ ಇನ್‌ಕ್ಲೂಡ್ ಕೊಂಡಿಯಾಗಿ ಬದಲಾಗುತ್ತದೆ. ನಿಮ್ಮ ಟರ್ಮಿನಲಿನಲ್ಲಿ ಓಡಿಸಿದಾಗ ಆ ನಿರ್ಬಂಧವಿಲ್ಲ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಇನ್ನೊಂದು ಗುರುತುಭಾಷೆ ಬಳಸುವವರಿಗೂ ಇದೇ ಕಥೆ, ಅದರ ಉಪಕರಣವಾದ ಡಾಕ್ಯುಟಿಲ್ಸ್‌ನಲ್ಲಿ ಕಡತ ಸೇರಿಸುವುದನ್ನು ಮುಚ್ಚುವ ಒಂದು ಆಯ್ಕೆಯಿದೆ. ಗಿಟ್‌ಹಬ್‌ನಲ್ಲೇ ಓದಿಸಬೇಕೆಂದರೆ ಆಸ್ಕಿಡಾಕ್ಟರ್ ರಿಡ್ಯೂಸರ್ ಎಂಬ ಉಪಕರಣ ಎಲ್ಲ ಇನ್‌ಕ್ಲೂಡ್‌ಗಳನ್ನೂ ಬಿಡಿಸಿ ಒಂದೇ ಕಡತ ಮಾಡಿಕೊಡುತ್ತದೆ. ಅದನ್ನು ಏರಿಸಿ.

ಹೇಗೂ ಆ ಮಾತು ಬಂತು: ಆ ಭಾಷೆಯಿಂದ ತಾಣ ಕಟ್ಟುವ ಸ್ಫಿಂಕ್ಸ್ ಬಳಸುವವರು ಇನ್‌ಕ್ಲೂಡ್ ಮತ್ತು ಟಿಒಸಿಟ್ರೀ ಎರಡನ್ನೂ ಕಲಸಿಕೊಳ್ಳಬಾರದು. ಟಿಒಸಿಟ್ರೀ ಪಠ್ಯವನ್ನು ತಂದು ಸೇರಿಸುವುದಿಲ್ಲ, ಪ್ರತ್ಯೇಕ ಪುಟಗಳನ್ನು ಅನುಕ್ರಮದಲ್ಲಿ ಕಟ್ಟಿ ಅವುಗಳ ಪರಿವಿಡಿ ಕೊಡುತ್ತದೆ. ದೊಡ್ಡ ತಾಣಕ್ಕೆ ಅದು ಒಳ್ಳೆಯದು. ಕನ್ನಡ ವಿಕಿಪೀಡಿಯದಲ್ಲಿ ಬರೆದವರಿಗೆ ಇದೆಲ್ಲ ಹೊಸದಲ್ಲ. ಅಲ್ಲಿ ಶೀರ್ಷಿಕೆಗಳಿಂದ ಪರಿವಿಡಿ ತಾನಾಗಿ ಬರುತ್ತದೆ, ಟೆಂಪ್ಲೇಟು ಎಂಬುದು ಇನ್‌ಕ್ಲೂಡಿನದೇ ಇನ್ನೊಂದು ರೂಪ.

ಹಳೇ ಪ್ರೂಫ್‌ರೀಡರ್, ಶಿವಮೊಗ್ಗ

ಈಗ ಮುದ್ರಣದ ಮಾತು. ಎಲ್ಲರೂ ಮೊಬೈಲಿನಲ್ಲೇ ಮುಳುಗಿದ್ದೀರಿ.

ಆಸ್ಕಿಡಾಕ್ಟರಿನ ಪಿಡಿಎಫ್ ತಯಾರಿಸುವ ಅಂಗ ಪ್ರಾನ್ ಎಂಬುದರ ಮೇಲೆ ನಿಂತಿದೆ. ಅದಕ್ಕೆ ಭಾರತೀಯ ಲಿಪಿಗಳ ಒತ್ತಕ್ಷರ ಕಟ್ಟಲು ಬರುವುದಿಲ್ಲ. "ತೀರ್ಥಹಳ್ಳಿ" ಎಂಬುದರ ಅರ್ಕಾವೊತ್ತೂ ಒತ್ತಕ್ಷರವೂ ಚೆಲ್ಲಾಪಿಲ್ಲಿಯಾಗುತ್ತವೆ. ಫಾಂಟ್ ಬದಲಿಸಿದರೂ ಪ್ರಯೋಜನವಿಲ್ಲ. ಎಚ್‌ಟಿಎಂಎಲ್ ಮಾಡಿಕೊಂಡು ವೀಸಿಪ್ರಿಂಟ್ ಎಂಬ ಉಪಕರಣದ ಮೂಲಕ ಪಿಡಿಎಫ್ ಮಾಡಿ. ಅದು ಲಿಪಿ ಜೋಡಿಸಲು ಪ್ಯಾಂಗೋ ಎಂಬುದನ್ನು ಬಳಸುವುದರಿಂದ ಕನ್ನಡ ಸರಿಯಾಗಿ ಕೂರುತ್ತದೆ. ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದರೆ ಪುಸ್ತಕದ ಕಳೆ ಬರುತ್ತದೆ. ಪ್ಯಾಂಡಾಕ್ ಹಾದಿಯಲ್ಲಿರುವವರಿಗೆ ಪಿಡಿಎಫ್ ಮಾಡಲು ಜೀಲ್ಯಾಟೆಕ್ ಇದೆ.

ಮುದ್ರಿತ ಪರಿವಿಡಿಯಲ್ಲಿ ಪುಟಸಂಖ್ಯೆ ಬೇಕು. ವೆಬ್ ಪರಿವಿಡಿಯಲ್ಲಿ ಅದಿರುವುದಿಲ್ಲ. ವೀಸಿಪ್ರಿಂಟಿಗೆ ಕೊಡುವ ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸದ ಕಡತದಲ್ಲಿ) ಪರಿವಿಡಿಯ ಪ್ರತಿ ಕೊಂಡಿಯ ನಂತರ ಟಾರ್ಗೆಟ್ ಕೌಂಟರ್ ಎಂಬ ಸೂತ್ರ ಬರೆದರೆ, ಆ ಕೊಂಡಿ ತಲುಪುವ ಪುಟದ ಸಂಖ್ಯೆಯನ್ನು ಅದೇ ತುಂಬುತ್ತದೆ. ಅಕ್ಷರ ದೊಡ್ಡದು ಮಾಡಿ, ಚಿತ್ರ ಸೇರಿಸಿ, ಸಂಖ್ಯೆಗಳು ತಾವೇ ಸರಿಹೋಗುತ್ತವೆ. ಮೊಳೆ ಜೋಡಿಸಿದ ಕಾಲದಲ್ಲಿ ಪರಿವಿಡಿಯ ಫಾರಂ ಕೊನೆಗೆ ಅಚ್ಚಾಗುತ್ತಿದ್ದುದು ಇದೇ ಕಾರಣಕ್ಕೆ.

ಇನ್ನೊಂದು ಮಾತು, ಉಪಕರಣದ್ದಲ್ಲ. ತೋಟದಮನೆಯವರ ಕರಡಿನಲ್ಲಿ ಪ್ರತಿ ರೋಗದ ಕೆಳಗೂ "ಲಕ್ಷಣಗಳು", "ಕಾರಣ", "ನಿರ್ವಹಣೆ" ಎಂಬ ಉಪಶೀರ್ಷಿಕೆಗಳಿವೆ. ಪರಿವಿಡಿಯನ್ನು ಉಪಶೀರ್ಷಿಕೆಗಳವರೆಗೆ ಇಳಿಸಿದರೆ ಪುಟದ ತುಂಬ ಲಕ್ಷಣ, ಕಾರಣ, ನಿರ್ವಹಣೆ, ಲಕ್ಷಣ, ಕಾರಣ, ನಿರ್ವಹಣೆ. ಯಾವ ರೋಗದ ನಿರ್ವಹಣೆ ಎಂದು ಬೆರಳಿಟ್ಟು ಮೇಲಕ್ಕೆ ಹೋಗಿ ನೋಡಬೇಕು. ಕೈಯಿಂದ ಬರೆದ ಪರಿವಿಡಿಯಲ್ಲಿ ಬರೆಯುವವನು ಇದನ್ನು ಸರಿಪಡಿಸಿಕೊಳ್ಳುತ್ತಾನೆ, ಯಂತ್ರ ಸರಿಪಡಿಸುವುದಿಲ್ಲ. ಶೀರ್ಷಿಕೆಗಳನ್ನೇ ತಿದ್ದಿ: "ಕೊಳೆ ರೋಗ: ಮೊದಲ ಸಿಂಪರಣೆ ಯಾವಾಗ", "ಎಳೆಯ ಕಾಯಿ ಉದುರುತ್ತಿದ್ದರೆ". ತೋಟದವನು ಹುಡುಕುವುದು ಕಣ್ಣಿಗೆ ಕಂಡದ್ದನ್ನು. ಹಾಗೆ ತಿದ್ದಲು ಆಗದಿದ್ದರೆ ಮುದ್ರಣದಲ್ಲಿ ಪರಿವಿಡಿಯನ್ನು ರೋಗದ ಹೆಸರಿಗೇ ನಿಲ್ಲಿಸಿ.

ಕೊನೆಯದಾಗಿ, ಮುದ್ರಿತ ಪುಸ್ತಕದಲ್ಲಿ ಬೋರ್ಡೋ ವಿಧಾನವನ್ನು ಮೂರು ಸಲ ಅಚ್ಚು ಹಾಕಿಸುವುದು ಕಾಗದದ ದಂಡ. ಒಂದು ಸಲ ಹಾಕಿ, ಉಳಿದೆಡೆ ಪುಟ ನೋಡಿ ಎನ್ನಿ.

ತೋಟದಮನೆ, ಸಾಗರ

ಸರ್, ಶೀರ್ಷಿಕೆಗಳ ಬಗ್ಗೆ ನೀವು ಹೇಳಿದ್ದನ್ನು ಬಳಗದಲ್ಲಿ ಓದಿ ಹೇಳಿದೆ, ಎಲ್ಲರೂ ಒಪ್ಪಿದರು. ಬೋರ್ಡೋ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಾಗಿವೆ. ಪುಸ್ತಕದಲ್ಲಿ ಒಂದು ಸಲ ಸಾಕು ಎಂಬುದಕ್ಕೆ ತಕರಾರಿಲ್ಲ. ಮೊಬೈಲಿನಲ್ಲಿ ಮಾತ್ರ ಮೂರೂ ಕಡೆ ಪೂರ್ತಿ ಇರಲೇಬೇಕು ಎನ್ನುತ್ತಾರೆ. ಕೈಯೆಲ್ಲ ಸುಣ್ಣ ಮೆತ್ತಿಕೊಂಡು ಡ್ರಮ್ಮಿನ ಪಕ್ಕ ನಿಂತವನು ಕೊಂಡಿ ಒತ್ತಿ ಬೇರೆ ಅಧ್ಯಾಯಕ್ಕೆ ಹೋಗಿ ಮತ್ತೆ ವಾಪಸು ಬರುವುದಿಲ್ಲ ಎಂಬುದು ಅವರ ವಾದ. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಬೇರೆ ಇರುವುದಿಲ್ಲ. ಒಂದೇ ಮೂಲದಿಂದ ಎರಡೂ ಬಗೆ ಸಾಧ್ಯವೇ?

ಭದ್ರಾವತಿ ಲೇಥ್

ಸಾಧ್ಯ. ಇಫ್‌ಡೆಫ್ ಎಂಬ ಷರತ್ತಿನ ಸಾಲು ಇದೆ. ಮುದ್ರಣ ಎಂಬರ್ಥದ ಒಂದು ಆಟ್ರಿಬ್ಯೂಟನ್ನು ನೀವೇ ಕಲ್ಪಿಸಿಕೊಳ್ಳಿ. ಮೆಣಸಿನ ಅಧ್ಯಾಯದಲ್ಲಿ, ಆ ಆಟ್ರಿಬ್ಯೂಟ್ ಇದ್ದರೆ "ಪುಟ ನೋಡಿ" ಎಂಬ ಕೊಂಡಿ, ಇಲ್ಲದಿದ್ದರೆ ಇನ್‌ಕ್ಲೂಡ್ ಸಾಲು. ಎರಡನೆಯದಕ್ಕೆ ಇಫ್‌ಎನ್‌ಡೆಫ್. ಎರಡನ್ನೂ ಎಂಡಿಫ್ ಸಾಲಿನಿಂದ ಮುಚ್ಚಬೇಕು. ಕಮಾಂಡಿನಲ್ಲಿ ಅಡ್ಡಗೆರೆ ಎ ಹಾಕಿ ಆ ಆಟ್ರಿಬ್ಯೂಟಿನ ಹೆಸರು ಕೊಟ್ಟರೆ ಮುದ್ರಣದ ರೂಪ, ಕೊಡದಿದ್ದರೆ ಮೊಬೈಲಿನ ರೂಪ. ಪುಟಸಂಖ್ಯೆಯನ್ನು ಪ್ರೂಫ್‌ರೀಡರ್ ಸರ್ ಹೇಳಿದ ಟಾರ್ಗೆಟ್ ಕೌಂಟರ್ ಇಲ್ಲಿಯೂ ತುಂಬುತ್ತದೆ.

ಸೊರಬದ ಮೇಷ್ಟರು

ಇದನ್ನು ಲಿಬ್ರೆ ಆಫೀಸಿನಲ್ಲಿ ಇಷ್ಟು ಸಲೀಸಾಗಿ ಮಾಡಲು ನನಗೆ ಬಾರದು. ಅಷ್ಟರಮಟ್ಟಿಗೆ ಸೋತೆ. ಸಂಚಿಕೆಯನ್ನು ಮಾತ್ರ ಹಾಗೆಯೇ ಮುಂದುವರಿಸುತ್ತೇನೆ.

ಹೊಸನಗರ ಹಿನ್ನೀರು

ಮೇಷ್ಟರ ಸಂಚಿಕೆಯ ಹಳೆಯ ಲೇಖನಗಳು ನುಡಿಯಲ್ಲಿ ಟೈಪಾಗಿದ್ದರೆ ಹೇಗೂ ಈ ದಾರಿಗೆ ಬರುವುದಿಲ್ಲ ಬಿಡಿ. ಹಳೆಯ ನುಡಿ ಫಾಂಟಿನ ಪಠ್ಯವನ್ನು ಸೇರಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಮೂಡುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಯುಟಿಎಫ್ 8 ಆಗಿ ಉಳಿಸಬೇಕು. ಪರಿವರ್ತಿಸಿದ ಪಠ್ಯದಲ್ಲಿ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಗಳು ಕೆಲವೊಮ್ಮೆ ಹೆಚ್ಚುವರಿಯಾಗಿ ಬಂದಿರುತ್ತವೆ. ಶೀರ್ಷಿಕೆಯ ಹೆಸರಿನಿಂದಲೇ ಕೊಂಡಿ ಕೊಡುವವರಿಗೆ ಇದು ಕಾಟ: ನೋಡಲು ಎರಡೂ ಒಂದೇ, ಕೊಂಡಿ ಕೂಡುವುದಿಲ್ಲ.

ತೋಟದಮನೆ, ಸಾಗರ

ಷರತ್ತಿನ ಸಾಲು ಕೆಲಸ ಮಾಡಿತು. ಎರಡೂ ರೂಪಗಳು ಬಂದವು. ಏಲಕ್ಕಿ ಅಧ್ಯಾಯ ಬರೆಯುವವರು ಇನ್ನೂ ಕೊಟ್ಟಿಲ್ಲ, ಹಾಗಾಗಿ ಆ ಜಾಗದಲ್ಲಿ "ಬಗೆಹರಿಯದ ನಿರ್ದೇಶನ" ಎಂಬರ್ಥದ ಇಂಗ್ಲಿಷ್ ಸಾಲು ಕಾಣಿಸುತ್ತಿದೆ. ಚೌಕ ಆವರಣದೊಳಗೆ ಆಪ್ಷನಲ್ ಎಂದು ಹಾಕಿದರೆ ಅದು ಹೋಗುತ್ತದೆಂದು ಓದಿದೆ. ಹಾಕಲೇ?

ಭದ್ರಾವತಿ ಲೇಥ್

ಬೇಡ. ಹಾಕಿದರೆ ಕಡತ ಇಲ್ಲದಿದ್ದರೂ ಅದು ತಕರಾರು ಮಾಡದೆ ಮುಂದೆ ಹೋಗುತ್ತದೆ, ಪರಿವಿಡಿಯಲ್ಲೂ ಏಲಕ್ಕಿ ಇರುವುದಿಲ್ಲ. ಅಚ್ಚಾಗಿ ಬಂದ ಮೇಲೆ ಯಾರಾದರೂ ಕೇಳಿದಾಗಲೇ ಗೊತ್ತಾಗುವುದು. ಆ ಕೆಟ್ಟ ಸಾಲು ಹಾಗೆಯೇ ಕಾಣುತ್ತಿರಲಿ, ಬರೆಯಬೇಕಾದವರಿಗೆ ಅದರ ಚಿತ್ರ ತೆಗೆದು ಕಳುಹಿಸಿ. ಮುದ್ರಣದ ಕಮಾಂಡಿಗೆ ಫೇಲ್ಯೂರ್ ಲೆವೆಲ್ ಎಂಬ ಆಯ್ಕೆಯಲ್ಲಿ ವಾರ್ನ್ ಎಂದೂ ಕೊಡಿ. ಎಚ್ಚರಿಕೆಯೊಂದು ಬಂದರೂ ಕಮಾಂಡ್ ವಿಫಲವೆಂದು ತೋರಿಸುತ್ತದೆ. ಅದರ ಮುಂದೆ ವೀಸಿಪ್ರಿಂಟಿನ ಕಮಾಂಡನ್ನು ಎರಡು ಆ್ಯಂಪರ್‌ಸ್ಯಾಂಡ್ ಹಾಕಿ ಜೋಡಿಸಿದರೆ ಅಪೂರ್ಣ ಪುಸ್ತಕದ ಪಿಡಿಎಫ್ ಹುಟ್ಟುವುದೇ ಇಲ್ಲ.

ಹಳೇ ಪ್ರೂಫ್‌ರೀಡರ್, ಶಿವಮೊಗ್ಗ

ಏಲಕ್ಕಿಯವರು ಕೊಟ್ಟೊಡನೆ ಪಿಡಿಎಫ್ ನನಗೂ ಕಳುಹಿಸಿ. ಪರಿವಿಡಿಯಿಂದಲೇ ತಿದ್ದಲು ಆರಂಭಿಸುತ್ತೇನೆ.